ಒದ್ದೆ ಪರದೆಯ ಹಿಂದೆ ಕೂತವಳು

ನಾನು ದೆವ್ವಕ್ಕೆ ಹೆದರುವವಳಲ್ಲ. ಕತೆ ಕಟ್ಟುವಷ್ಟು ಸಾಲಿಯನ್ನೂ ಕಲಿತಿಲ್ಲ. ಇದು ನನಗೇ ಆದದ್ದು. ಆದಷ್ಟೇ ಬರೆಯುತ್ತೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಬಲೇಶ್ವರದಿಂದ ವಿಜಾಪುರಕ್ಕೆ ಸೊಸೆಯಾಗಿ ಬಂದಿದ್ದೆ. ಗಂಡ ಮ್ಯೂಸಿಯಮ್ಮಿನ ಕಾವಲುಗಾರ. ಹಳೆಯ ಚಿತ್ರಗಳು, ಕೆತ್ತಿದ ಕಲ್ಲುಗಳು ಇದ್ದ ಜಾಗ ಅದು. ಆಗಾಗ ಸಂಜೆ ಅಲ್ಲಿ ಸಾಹೇಬರ ಚಹಾಕೂಟ, ಕತ್ತಲಾದ ಮೇಲೆ ಅಂಗಳದಲ್ಲಿ ಸಿನಿಮಾ.

ನಡುವೆ ಬಿಳಿ ಬಟ್ಟೆಯ ಪರದೆ. ಮುಂದೆ ಗಂಡಸರು, ಹಿಂದೆ ಹೆಂಗಸರು. ಬಟ್ಟೆ ಒದ್ದೆಯಾಗಿದ್ದರೆ ಮಾತ್ರ ಚಿತ್ರ ಹಿಂದಕ್ಕೂ ಕಾಣುತ್ತಿತ್ತು. ಬೇಸಿಗೆಯ ಗಾಳಿಗೆ ಅದು ಬೇಗ ಒಣಗುತ್ತಿತ್ತು. ರೀಲು ಬದಲಿಸುವಾಗಲೆಲ್ಲ ನೀರು ಎರಚುವುದು ನನ್ನ ಕೆಲಸ. ನಮಗೆ ಕಾಣುವುದೆಲ್ಲ ಎಡಬಲ ತಿರುಗಿರುತ್ತಿತ್ತು. ನಮ್ಮ ಪಾಲಿಗೆ ಎಂಥ ರಾಜನೂ ಎಡಗೈಯಲ್ಲೇ ಉಣ್ಣುತ್ತಿದ್ದ. ನಗುತ್ತಿದ್ದೆವು.

ಆ ದಿನ ಗಂಡನಿಗೆ ಜ್ವರ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬೀಗ ಹಾಕಿದ ಮೇಲೆ ಒಳಗೆ ಒಂದು ನರಪಿಳ್ಳೆ ಉಳಿದರೂ ಕೆಲಸದಿಂದ ತೆಗೆಯುತ್ತೇನೆ ಎಂದು ಮ್ಯೂಸಿಯಮ್ಮಿನ ಸಾಹೇಬರು ಹೇಳಿದ್ದರು. ಅವನ ಬದಲು ಬೀಗದ ಕೈ ನನ್ನ ಸೊಂಟಕ್ಕೆ ಬಂತು.

ಸಿನಿಮಾ ಮುಗಿಯಿತು. ಟಿಕೋಟಾದಿಂದ ಆಟ ನೋಡಲು ಬಂದವರ ಚಕ್ಕಡಿಗಳು ಹೋದವು. ಚಹಾದ ಕಪ್ಪುಗಳನ್ನು ತೊಳೆದೆ, ಜಮಖಾನೆಗಳನ್ನು ಸುತ್ತಿ ವರಾಂಡದಲ್ಲಿಟ್ಟೆ. ಸಿನಿಮಾ ಮಷಿನ್ ನಡೆಸುವ ಬಶೀರಚಾಚಾ ಗೇಟಿನಲ್ಲಿ ಗಾಡಿಗೆ ಪೆಟ್ಟಿಗೆ ಹೇರುತ್ತಿದ್ದರು. ನನಗೆ ಬೆಳಗಿನಿಂದ ನಿಂತೂ ನಿಂತೂ ಕಾಲು ಸೇದುತ್ತಿದ್ದವು.

ಪರದೆ ಬಿಚ್ಚಲು ಕಂದೀಲು ಹಿಡಿದು ಹೋದರೆ… ಹಿಂದೆ ಒಬ್ಬಳು ಕೂತಿದ್ದಳು. ತಲೆ ತುಂಬ ಸೆರಗು. ಕಣ್ಣು ಪರದೆಯ ಮೇಲೆ.

“ಏಳವ್ವಾ, ಆಟ ಮುಗೀತು. ಗೇಟ್ ಹಾಕಬೇಕು.”

ಅವಳು ತಿರುಗಲಿಲ್ಲ. “ನಮ್ಮ ಕಡಿ ಇನ್ನಾ ಮುಗದಿಲ್ಲ ಬೇ.”

ನನಗೆ ರೇಗಿತು. ಯಾವ ಊರು, ಯಾರ ಜೊತೆ ಬಂದೆ ಎಂದು ಕೇಳಿದೆ. ಗಂಡನ ನೌಕರಿ ಹೋಗುತ್ತದೆ ಎಂದೂ ಹೇಳಿದೆ.

ಟಪ್… ಟಪ್…

ಪರದೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ನೀರು ಎರಚಿ ಎಷ್ಟೋ ಹೊತ್ತಾಗಿತ್ತು. ಎಲ್ಲಿಂದಲೋ ಹಸಿ ಗಾರೆಯ ವಾಸನೆ…

“ಭಾಳ ದಣದೀದಿ. ಕುಂದ್ರು.” ಎಡಗೈಯಿಂದ ಪಕ್ಕದ ಜಾಗ ತಟ್ಟಿದಳು.

ಕೂತೆ. ಏಕೆಂದು ಕೇಳಬೇಡಿ. ದಣಿದಿದ್ದೆ, ಕೂತೆ. ಜಮಖಾನೆ ಮೆತ್ತಗೆ, ತಣ್ಣಗೆ ಇತ್ತು. ಕಾಲಿನ ಸೆಳೆತ ನಿಂತೇ ಹೋಯಿತು. ಮದುವೆಯಾದ ಮೇಲೆ ಅಷ್ಟು ಹಾಯಾಗಿ ಎಂದೂ ಕೂತಿರಲಿಲ್ಲ. ಕತ್ತಲ ಪರದೆಯಲ್ಲಿ ಏನೋ ಅಲುಗಿದಂತಾಯಿತು…

“ಯಾರ ಕೂಡ ಮಾತಾಡಾಕತ್ತೀ ಬೇ?” ಗೇಟಿನಿಂದ ಬಶೀರಚಾಚಾ ಕೂಗಿದರು.

ಅತ್ತ ನೋಡಿ ಇತ್ತ ತಿರುಗಿದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಇರುವುದು ಒಂದೇ ಗೇಟು. ಯಾರೂ ದಾಟಿಲ್ಲ ಎಂದರು ಚಾಚಾ. ಇಬ್ಬರೂ ಕಂದೀಲು ಹಿಡಿದು ಮೂಲೆ ಮೂಲೆ ಹುಡುಕಿದೆವು. ಪರದೆ ಮುಟ್ಟಿದೆ… ಹಪ್ಪಳದಂತೆ ಒಣಗಿತ್ತು.

“ಬರೇ ಕಲ್ಲಿನ ಮ್ಯಾಲ ಯಾಕ ಕುಂತಿದ್ದಿ?” ಎಂದರು ಅವರು.

ಆಗ ನೆನಪಾಯಿತು. ಜಮಖಾನೆಗಳೆಲ್ಲ ವರಾಂಡದಲ್ಲಿದ್ದವು. ನಾನೇ ಸುತ್ತಿಟ್ಟಿದ್ದೆ. ಆದರೆ ನನ್ನ ಸೀರೆಯ ಹಿಂಭಾಗ ತೊಯ್ದಿತ್ತು.

ಬೀಗ ಹಾಕಿ ಮನೆಗೆ ಬಂದೆ. ಗಂಡ ಜ್ವರದಲ್ಲೇ ಕೇಳಿದ, “ಎಲ್ಲಾರೂ ಹೊರಗ ಬಂದ್ರೇನು?”

“ಮಕ್ಕೋ ಸುಮ್ಮನ,” ಎಂದು ಕಂಬಳಿ ಹೊದಿಸಿದೆ.

ನೌಕರಿ ಕಾಯಂ ಆಯಿತು. ವರ್ಷಗಳು ಕಳೆದಂತೆ ಕುರ್ಚಿಗಳು ಬಂದವು, ಹೆಂಗಸರೂ ಪರದೆಯ ಮುಂದೆ ಕೂತರು. ಬಟ್ಟೆಗೆ ನೀರು ಎರಚುವುದೂ ನಿಂತಿತು. ಅವಳ ಕಡೆ ಆಟ ಮುಗಿಯಿತೋ ಇಲ್ಲವೋ, ಗೊತ್ತಿಲ್ಲ.

ಈಗ ಮುದುಕಿಯಾಗಿದ್ದೇನೆ. ಕಾಲು ದಿನವೂ ಸೇದುತ್ತವೆ. ಹಾಗೆ ಸೇದಿದಾಗಲೆಲ್ಲ ಆ ತಣ್ಣನೆಯ ಜಾಗ ನೆನಪಾಗುತ್ತದೆ, ಹೋಗಿ ಕೂರಬೇಕು ಅನ್ನಿಸುತ್ತದೆ.

ನನಗೆ ಹೆದರಿಕೆ ಅವಳದ್ದಲ್ಲ. ಈ ಆಸೆಯದ್ದು.