ತಿಪ್ಪಣ್ಣ ಓದಿದ ಹಿಮಾಲಯ

ಕಳೆದ ಭಾನುವಾರ ಚನ್ನಗಿರಿಯ ನಮ್ಮ ಮನೆಯ ಊಟದ ಟೇಬಲ್ ಮೇಲೆ ಹಿಮಾಲಯ ಹರಡಿಕೊಂಡಿತ್ತು. ಮೂಲೆಗಳು ಸುರುಳಿ ಸುತ್ತದಂತೆ ಉಪ್ಪಿನಕಾಯಿ ಜಾಡಿ, ಸ್ಟೀಲ್ ಲೋಟ ಇಟ್ಟಿದ್ದೆವು.

ಬ್ರಿಟಿಷರ ಕಾಲದ ಸರ್ವೆ ಮ್ಯಾಪು. ಎತ್ತರದ ಬೆಟ್ಟಗಳ ನಡುವಿನ ಒಂದು ಕಣಿವೆ ದಾರಿಯದು. ಯಜಮಾನರು ಇಂಟರ್ನೆಟ್ಟಿನಲ್ಲಿ ಹುಡುಕಿ, ಹೊನ್ನಾಳಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಆ ದಾರಿಯನ್ನು ನಡೆದೇ ದಾಟುವ ಆಸೆ.

ಬೇಡ ಅನ್ನಬೇಕಾದವಳು ನಾನು. ಅಂದೆನೇ? ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ಜಂಬ ನೋಡಿ. ಬೆರಳಿಟ್ಟು ಅಳೆದೆ. "ಮೂರೇ ಬೆರಳು ಕಣ್ರೀ, ನಿಧಾನಕ್ಕೆ ನಡೆದರಾಯ್ತು" ಎಂದುಬಿಟ್ಟೆ. ಅವರು ಟಿಕೆಟ್ ಬುಕ್ ಮಾಡಲು ಫೋನ್ ಎತ್ತಿಕೊಂಡರು.

ಅಷ್ಟರಲ್ಲಿ ತಿಪ್ಪಣ್ಣನವರು ಕುಡಿಯುವ ನೀರಿಗೆಂದು ಒಳಗೆ ಬಂದರು. ಜಗಳೂರು ಕಡೆಯವರು, ನಮ್ಮ ಕಾಂಪೌಂಡ್ ಕಟ್ಟುತ್ತಿದ್ದಾರೆ. ಮೊದಲು ಇಳಿಜಾರು ಹೊಲಗಳಲ್ಲಿ ಮಳೆನೀರು ನಿಲ್ಲಿಸಲು ಬದು ಹಾಕುತ್ತಿದ್ದರಂತೆ. ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಗೆರೆ ಎಳೆದ ನಕ್ಷೆ ನೋಡಿಕೊಂಡೇ ಆ ಕೆಲಸ.

ಲೋಟ ಹಿಡಿದೇ ಮ್ಯಾಪಿನ ಮೇಲೆ ಬಗ್ಗಿದರು. "ಇದು ಯಾರ ಹೊಲ ರೀ ಮೇಡಂ? ಇಲ್ಲಿ ಬದು ಹಾಕಾಕೆ ಆಗಲ್ಲ."

ನಮಗೆ ನಗು. "ಹೊಲ ಅಲ್ಲ ತಿಪ್ಪಣ್ಣ, ಹಿಮಾಲಯ. ಸಾಹೇಬ್ರು ನಡೆದು ದಾಟ್ತಾರಂತೆ."

ಅವರು ನಗಲಿಲ್ಲ. "ಗೆರೆ ದೂರ ದೂರ ಇದ್ರೆ ನೆಲ ಸಪಾಟು. ಹತ್ರ ಬಂದಂಗೆ ಏರು ಜಾಸ್ತಿ. ಇಲ್ಲಿ ನೋಡ್ರಿ, ಗೆರೆ ಮ್ಯಾಲೆ ಗೆರೆ ಬಿದ್ದೈತೆ. ಇಂಥ ಕಡೆ ನೀರೇ ನಿಲ್ಲಲ್ಲ. ಸಾಹೇಬ್ರು ಹೆಂಗೆ ನಿಲ್ತಾರೆ?" (ಯಜಮಾನರು ಸಿಮೆಂಟ್ ಚೀಲ ಎತ್ತಲು ಹೋದಾಗ ನಾನು ಬೈದಿದ್ದರಿಂದ, ಎದೆಯ ವಿಷಯ ತಿಪ್ಪಣ್ಣನವರಿಗೆ ಗೊತ್ತಿತ್ತು.)

ಮತ್ತೆ ನೋಡಿದೆ. ಆ ಮೂರು ಬೆರಳಿನಗಲದಲ್ಲಿ ಒಂದು ಸೂಜಿ ಇಡಲೂ ಜಾಗವಿಲ್ಲದಷ್ಟು ಕಂದು ಗೆರೆಗಳು. ಕಾಂಟೂರ್ ಗೆರೆ ಎಂದರೇನು ಎಂಬ ಎರಡು ಮಾರ್ಕಿನ ಪ್ರಶ್ನೆಗೆ ಎಷ್ಟು ಮಕ್ಕಳ ಮಾರ್ಕ್ಸ್ ಕತ್ತರಿಸಿದ್ದೆನೋ. "ಬೇಡ ಕಣ್ರೀ" ಎಂದೆ. ಯಜಮಾನರು ಫೋನ್ ಕೆಳಗಿಟ್ಟರು.

ಮಾರನೇ ದಿನ ಮ್ಯಾಪ್ ಸಮೇತ ಡಾಕ್ಟರ ಹತ್ತಿರ ಹೋದೆವು. ಅವರು ಎತ್ತರ ಎಷ್ಟೆಂದು ನೋಡಿ, ಕನ್ನಡಕ ತೆಗೆದು, ನಮ್ಮಿಬ್ಬರ ಮುಖ ನೋಡಿದರು. ಆ ಎತ್ತರವನ್ನು ಈ ಎದೆ ತಡೆಯುವುದಿಲ್ಲ ಎಂದರು.

ವಾಪಸ್ ಬಂದು ತಿಪ್ಪಣ್ಣನವರಿಗೆ ಕೈಮುಗಿದೆ. ಕಣ್ಣು ತುಂಬಿತ್ತು, ಮುಚ್ಚಿಡಲಿಲ್ಲ. ಅವರಿಗೇ ಮುಜುಗರ. "ಅಂಥ ಏರು ಹತ್ತಿ ಇಳಿದೇ ನನ್ನ ಮೊಣಕಾಲು ಹೋಗೈತ್ರಿ, ಅದ್ಕೇ ಗೊತ್ತು" ಎಂದು ಗಾರೆಯ ಕರಣೆ ಎತ್ತಿಕೊಂಡು ಹೊರಗೆ ನಡೆದರು.

ನಾನು ಪುಸ್ತಕ ನೋಡಿ ಕಲಿಸಿದ್ದನ್ನು ಅವರು ಮೊಣಕಾಲು ಕೊಟ್ಟು ಕಲಿತಿದ್ದರು. ಇಷ್ಟಾದ ಮೇಲೂ ಅವರೇ ನನ್ನನ್ನು ಮೇಡಂ ಅನ್ನುತ್ತಾರಲ್ಲ, ಇದು ಯಾವ ನ್ಯಾಯ?