ಸೊನ್ನೆಯೂ ಗೀಟೂ

ಉಪ್ಪಿನಕಾಯಿ ಭರಣಿಯ ಹಿಂದೆ ಅಳತೆಗಾಜು ಸಿಕ್ಕಿತು. ಮೈಮೇಲೆ ಸಣ್ಣ ಗೆರೆಗಳಿರುವ, ಗೇಣುದ್ದದ ಗಾಜು. ಶೆಲ್ಫಿಗೆ ಹೊಸ ಪೇಪರು ಹಾಸೋಣವೆಂದು ಭರಣಿ ಸರಿಸಿದ್ದೆ. ಒರೆಸಿದೆ… ಮತ್ತೆ ಒರೆಸಿದೆ.

ಔರಾದದಲ್ಲಿ ನಮ್ಮ ಪಕ್ಕದ ಮನೆಯ ಸರ್ ಅವರದು ಅದು. ಸಾಲಿಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದರು. ದಿನಾ ಮುಂಜಾನೆ ಎಂಟೂವರೆಗೆ ಅದರ ಬಾಟಲಿಯ ನೀರನ್ನು ಈ ಗಾಜಿಗೆ ಸುರಿದು, ಕಣ್ಣಿನ ಸಮಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುವರು. ಇಪ್ಪತ್ತಾರು ವರ್ಷದ ಪುಸ್ತಕಗಳು. ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ.

ಒಮ್ಮೆ ಹಾಳೆಯ ಮೇಲೆ ಮಳೆಯ ಏರಿಳಿತದ ಗೆರೆ ಎಳೆದು, ತಾರೀಖುಗಳನ್ನು ಅಂಗೈಯಿಂದ ಮುಚ್ಚಿ ಕೇಳಿದ್ದರು: “ಹೇಳು ತಂಗಿ, ಇದು ಒಂದು ತಿಂಗಳದ್ದೋ, ಹತ್ತು ವರ್ಷದ್ದೋ?”

“ನಮ್ಮ ಅತ್ತಿ ಸಿಟ್ಟು ಇದ್ದಂಗ ಅದರಿ ಸರ. ದಿನ ನೋಡಿದ್ರೂ ಅಷ್ಟೇ, ವರ್ಷ ನೋಡಿದ್ರೂ ಅಷ್ಟೇ.”

ಹೊಟ್ಟೆ ಹಿಡಿದು ನಕ್ಕರು. ಅವರಿಗೆ ಬೇಕಾದದ್ದೂ ಅದೇ ಉತ್ತರ. ಮಳೆ ಕೊಡುವ ಬಿಡುವಿಗೂ ಒಂದು ಆಕಾರವಿದೆ, ಹಿಗ್ಗಿಸಿದರೂ ಕುಗ್ಗಿಸಿದರೂ ಅದು ಬದಲಾಗದು ಅನ್ನುತ್ತಿದ್ದರು. ದೊಡ್ಡ ಬಿಡುವಿನ ಆಚೀಚೆ ಸಣ್ಣ ಬಿಡುವುಗಳು, ಅವುಗಳ ಸುತ್ತ ಇನ್ನೂ ಸಣ್ಣವು… ಇದನ್ನು ಬರೆದು ಬೀದರಿನ ಕಾಲೇಜಿನವರಿಗೆ ತೋರಿಸಬೇಕೆಂಬುದೊಂದೇ ಆಸೆ.

ಒಂದು ಮಳೆಗಾಲ, ಕಣ್ಣಿನ ಆಪರೇಷನ್ನಿಗೆಂದು ಭಾಲ್ಕಿಯ ಮಗಳ ಮನೆಗೆ ಹೊರಟಾಗ ಗಾಜು, ಪುಸ್ತಕ ನನ್ನ ಕೈಗಿತ್ತರು. “ಮಳಿ ಇಲ್ಲಂದ್ರ ಸೊನ್ನಿ ಬರಿ. ನೀ ನೋಡಲಿಲ್ಲಂದ್ರ ಗೀಟು ಎಳಿ. ಎರಡೂ ಒಂದಲ್ಲ, ತಂಗಿ.”

ಮರುದಿನವೇ ತವರೂರು ಚಿಂತಾಕಿಯಲ್ಲಿ ಅವ್ವ ಹಾಸಿಗೆ ಹಿಡಿದಳು. ಇಪ್ಪತ್ತೊಂದು ದಿನ ಅಲ್ಲೇ ಉಳಿದೆ. ತಿರುಗಿ ಬಂದಾಗ ಬಾಟಲಿ ತುಂಬಿ ಹೊರಚೆಲ್ಲಿತ್ತು. ದಾಸವಾಳದ ಬುಡಕ್ಕೆ ಸುರಿದೆ. ಗೀಟು ಎಳೆದರೆ ಒಂದು ದಿನವೂ ನೋಡಲಿಲ್ಲವೆಂದು ತಿಳಿಯುತ್ತದಲ್ಲ… ಇಪ್ಪತ್ತೊಂದು ಸೊನ್ನೆ ಬರೆದೆ. ದುಂಡಗೆ, ನೀಟಾಗಿ.

ಸರ್ ಬಂದವರೇ ಪುಸ್ತಕ ತೆರೆದರು. “ಭಾಲ್ಕಿಯಾಗ ಮಳಿ ಹೊಡದದ. ಇಲ್ಲಿ ಒಂದು ಹನಿನೂ ಇಲ್ಲೇನು?”

“ಇಲ್ರಿ ಸರ.”

ನಂಬಿದರು.

ಚಳಿಗಾಲದ ಹೊತ್ತಿಗೆ ಅವರ ಲೆಕ್ಕ ನಿಂತುಹೋಯಿತು. ಆ ಇಪ್ಪತ್ತೊಂದು ದಿನದ ಬಿಡುವು ಎಲ್ಲಿಯೂ ಕೂಡುತ್ತಿರಲಿಲ್ಲ. ಸುರಿಯುವ ಮಳೆಯ ನಡುವೆ, ಆಚೀಚೆ ಯಾರೂ ಇಲ್ಲದೆ, ಬೋಳಾಗಿ ನಿಂತಿತ್ತು.

“ಅದೊಂದು ಬಿಟ್ಟುಬಿಡ್ರಿ ಸರ,” ಅಂದೆ.

“ನೀ ಕಣ್ಣಾರೆ ನೋಡಿ ಬರದದ್ದು ಹ್ಯಾಂಗ ಬಿಡ್ಲಿ? ನಾ ಕಂಡ ಆಕಾರನೇ ಸುಳ್ಳು, ತಂಗಿ.”

ಚಹಾ ಆರುವವರೆಗೂ ಎದುರಿಗೇ ಕೂತಿದ್ದೆ. ಹೇಳಲಿಲ್ಲ. ಆಮೇಲೆ ಅವರು ಪುಸ್ತಕ ಮುಟ್ಟಲಿಲ್ಲ. ಮಾಪಕದ ಬಾಯಿಗೆ ಬೇವಿನ ಎಲೆ ತುಂಬಿಕೊಂಡಿತು.

ಎರಡು ವರ್ಷಕ್ಕೆ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಮಗಳು ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ, ಗಾಜೊಂದನ್ನು ತಂದು ಕೊಟ್ಟಳು. “ಅಪ್ಪ ನಿಮಗೇ ಕೊಡು ಅಂದಿದ್ರರಿ ಅಕ್ಕಾ. ಒಂದು ದಿನ ತಪ್ಪದಂಗ ನೋಡಿದಾಕಿ ಅಂತಿದ್ರು.”

ಇವತ್ತು ಮುಂಜಾನೆಯಿಂದ ಮಳೆ. ಗಾಜನ್ನು ಅಂಗಳದ ತನಕ ಒಯ್ದು, ಹಾಗೇ ವಾಪಸು ತಂದು ಭರಣಿಯ ಹಿಂದೆ ಇಟ್ಟೆ. ಆ ಇಪ್ಪತ್ತೊಂದು ಸೊನ್ನೆ ಹೊಡೆದುಹಾಕಿ ಗೀಟು ಎಳೆಯೋಣವೆಂದರೆ… ಪುಸ್ತಕವೇ ಇಲ್ಲ.