ಕುರಿಮಂದೆಯ ದಾರಿಯಲ್ಲಿ ತಾತ್ಕಾಲಿಕ ಡಾಕ್ಟರಮ್ಮ

ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಇಳಿದಾಗ ನನ್ನ ಬಳಿ ಇದ್ದದ್ದು ಒಂದು ಕಬ್ಬಿಣದ ಟ್ರಂಕು, ಒಂದು ಹಾಸಿಗೆಯ ಸುರುಳಿ, ಜೊತೆಗೆ ಡಾಕ್ಟರಾಗಿದ್ದೇನೆ ಎಂಬ ಜಂಬ. ಎಪ್ಪತ್ತರ ದಶಕದ ನಡುಭಾಗ, ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ತುಮಕೂರಿನಿಂದ ಬಂದ ಬಸ್ಸಿನಲ್ಲಿ ಟ್ರಂಕಿಗೂ ಟಿಕೆಟ್ಟು ಹರಿದಿದ್ದ ಕಂಡಕ್ಟರನ ಮೇಲೆ ನನಗೆ ಸಿಟ್ಟು ಬಂದಿತ್ತು. ಹೋಟೆಲಿನಲ್ಲಿ ಬಿಸಿ ಉದ್ದಿನ ವಡೆ ತಿಂದ ಮೇಲೆ ಸಿಟ್ಟು ಇಳಿಯಿತು. ಅಲ್ಲಿಂದ ನೇರವಾಗಿ ಆರೋಗ್ಯ ಇಲಾಖೆಯ ಕಚೇರಿಗೆ ನಡೆದೆ.

"ಖಾಯಂ ಜಾಗ ಸದ್ಯಕ್ಕೆ ಇಲ್ಲಮ್ಮ. ರಜೆ ಹೋಗೋರ ಜಾಗಕ್ಕೆ ಹೋಗ್ತೀಯಾ?" ಎಂದರು ಅಲ್ಲಿನ ಸಾಹೇಬರು. ಹಿರಿಯೂರಿನ ಡಾಕ್ಟರು ಮಗಳ ಮದುವೆಗೆ ಹೊರಟಿದ್ದರು. ಹೊಸದುರ್ಗದವರಿಗೆ ತರಬೇತಿ, ಹೊಳಲ್ಕೆರೆಯವರಿಗೆ ಆಪರೇಷನ್. ಒಬ್ಬರ ಹಿಂದೆ ಒಬ್ಬರು ಹೊರಡುವವರು, ಅವರ ಹಿಂದೆ ಹಿಂದೆಯೇ ನಾನು, ಒಂದೊಂದು ಊರಿನಲ್ಲಿ ತಿಂಗಳ ಮಟ್ಟಿಗೆ. ಹರಿದ ಕಡೆಗೆಲ್ಲ ತೇಪೆ ಹಾಕುವ ಕೆಲಸ. ಮನೆಯಲ್ಲಿ ಅಪ್ಪನಿಗೆ ಇದು ಕೆಲಸವೆಂದೇ ಅನಿಸುವುದಿಲ್ಲ ಎಂದು ಗೊತ್ತಿದ್ದೂ ಒಪ್ಪಿಕೊಂಡೆ.

ಹಿರಿಯೂರು ಅಲ್ಲಿಂದ ಇಪ್ಪತ್ತೈದು ಮೈಲಿಯ ದಾರಿ. ತಮಾಷೆಯೆಂದರೆ ಬೆಳಿಗ್ಗೆ ನಾನು ಆ ಊರನ್ನು ದಾಟಿಯೇ ಬಂದಿದ್ದೆ. ಈಗ ಅದೇ ರಸ್ತೆಯಲ್ಲಿ ಲಾರಿಗಳ ಹೊಗೆ ಕುಡಿಯುತ್ತ ಹಿಂದಕ್ಕೆ ಹೋದೆ. ಆಸ್ಪತ್ರೆಯ ಹಿಂದಿನ ಒಂದು ಕೋಣೆ ನನ್ನ ಬಿಡಾರವಾಯಿತು. ಮೊದಲ ವಾರ ಬಂದವರೆಲ್ಲ ಬಾಗಿಲಲ್ಲಿ ನಿಂತು, "ಹಳೇ ಡಾಕ್ಟ್ರು ಯಾವಾಗ ಬರ್ತಾರ್ರಿ?" ಎಂದು ಕೇಳಿ, ಮುಂದಿನ ತಿಂಗಳು ಎಂದರೆ ಕಾಯಿಲೆಯನ್ನೂ ಜೊತೆಗೇ ಕರೆದುಕೊಂಡು ಹಿಂದಿರುಗುತ್ತಿದ್ದರು. ತಾತ್ಕಾಲಿಕ ಡಾಕ್ಟರೆಂದರೆ ಜನರ ಲೆಕ್ಕದಲ್ಲಿ ಅರ್ಧ ಡಾಕ್ಟರು. ಸಂಜೆ ವೇದಾವತಿಯ ದಡದಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತ ಈ ವಿಷಯವಾಗಿ ನನ್ನಷ್ಟಕ್ಕೆ ನಾನೇ ಜಗಳವಾಡುತ್ತಿದ್ದೆ.

ಹೀಗಿರುವಾಗ ಚಿಕ್ಕಣ್ಣ ಬಂದ. ಮೂವತ್ತು ದಾಟಿದ ಕುರಿಗಾಹಿ, ಹೆಗಲ ಮೇಲೆ ಕಂಬಳಿ, ಕೆಮ್ಮಿ ಕೆಮ್ಮಿ ಬಾಗಿದ ಬೆನ್ನು. ಅವನಿಗಿಂತ ಒಂದು ಹೆಜ್ಜೆ ಮುಂದೆ ಅವನ ಹೆಂಡತಿ ಈರಮ್ಮ. ಮಾತೆಲ್ಲ ಅವಳದೇ. ಕಫ ಪರೀಕ್ಷೆ ಮಾಡಿದಾಗ ಕ್ಷಯ ಎಂದು ಖಚಿತವಾಯಿತು. ಆ ಕಾಲದಲ್ಲಿ ಅದಕ್ಕೆ ದಿನವೂ ಒಂದು ಸೂಜಿ, ಮೂರು ತಿಂಗಳು. ಮಾತ್ರೆ ಅಂತೂ ವರ್ಷದ ಮೇಲೆ ನುಂಗಬೇಕು.

"ಮುಚ್ಚುಮರೆ ಬ್ಯಾಡ್ರಿ ಅಮ್ಮಾರೆ. ಇವರು ಉಳೀತಾರೋ ಇಲ್ಲೋ ಹೇಳ್ರಿ" ಎಂದಳು ಈರಮ್ಮ.

"ದಿನಾ ತಪ್ಪದೆ ಸೂಜಿ ಮಾಡಿಸಿಕೊಂಡರೆ ಉಳೀತಾರೆ. ನಡುವೆ ಬಿಟ್ಟರೆ ನಾನೇನೂ ಹೇಳಲಾರೆ."

"ಇವರ ಅಣ್ಣಾನೂ ಹಿಂಗೇ ಕೆಮ್ಮಿ ಕೆಮ್ಮಿ ಹೋದ. ಅರ್ಧ ಸೂಜಿ ಮಾಡಿಸ್ಕಂಡಿದ್ದ, ಅಷ್ಟರಾಗೆ ಮೇವು ಮುಗೀತು, ಮಂದೆ ಎದ್ದು ಹೋತು. ಇವರನ್ನ ಇಲ್ಲೇ ಕುಂಡ್ರಿಸಾಣ ಅಂದ್ರೆ ಮೈದುನ ಒಬ್ನೇ ಇನ್ನೂರು ಕುರಿ ಹೆಂಗೆ ಹೊಡ್ಕಂಡು ಹೋಗ್ಬೇಕು?"

ಮಂದೆ ಯಾವ ಕಡೆಗೆ ಹೋಗುತ್ತದೆ ಎಂದು ಕೇಳಿದೆ. ಸುಗ್ಗಿ ಮುಗಿದ ಮೇಲೆ ಇವರ ಮಂದೆ ಹಿರಿಯೂರಿನಿಂದ ಹೊಸದುರ್ಗದ ಕಡೆಗೆ, ಅಲ್ಲಿಂದ ಹೊಳಲ್ಕೆರೆ ದಾಟಿ ಪಡುವಣದ ನೀರಾವರಿ ಗದ್ದೆಗಳಿಗೆ ಹೋಗುತ್ತಿತ್ತು. ಪ್ರತಿ ವರ್ಷವೂ ಅದೇ ದಾರಿ. ಅವಳು ಊರುಗಳ ಹೆಸರು ಹೇಳುತ್ತಿದ್ದಂತೆ ನನಗೆ ನಗು ಬಂತು. ನನ್ನ ಆರ್ಡರಿನಲ್ಲಿ ಟೈಪಾಗಿದ್ದದ್ದೂ ಅವೇ ಊರುಗಳು, ಅದೇ ಸರದಿಯಲ್ಲಿ.

"ನಾನೂ ಮುಂದಿನ ತಿಂಗಳು ಹೊಸದುರ್ಗಕ್ಕೆ, ಆಮೇಲೆ ಹೊಳಲ್ಕೆರೆಗೆ" ಎಂದೆ.

ಈರಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾಕ್ರಿ ಹಂಗೆ ಓಡಿಸ್ತಾರೆ ನಿಮ್ಮನ್ನ? ಏನು ತೆಪ್ಪು ಮಾಡಿದ್ರಿ?"

ಹಿರಿಯೂರಿನ ತಿಂಗಳು ಸಲೀಸಾಗಿ ಕಳೆಯಿತು. ಮಂದೆ ಹೊಳೆಯಾಚೆ ಇದ್ದುದರಿಂದ ಚಿಕ್ಕಣ್ಣ ದಿನವೂ ಬೆಳಿಗ್ಗೆ ಬಂದು, ಅಂಗಿಯ ತೋಳು ಮಡಚಿ, ಆ ಕಡೆ ಮುಖ ತಿರುಗಿಸಿ ಸೂಜಿ ಮಾಡಿಸಿಕೊಳ್ಳುತ್ತಿದ್ದ. ಟಗರಿನ ಕೊಂಬು ಹಿಡಿದು ನಿಲ್ಲಿಸುವ ಆಳಿಗೆ ಸೂಜಿಯೆಂದರೆ ಕಣ್ಣಲ್ಲಿ ನೀರು. ಹೊರಡುವಾಗ ಒಂದು ತಿಂಗಳ ಮಾತ್ರೆ ಕಟ್ಟಿಕೊಟ್ಟು, ದಾರಿಯಲ್ಲಿ ಮತ್ತೋಡಿನ ನರ್ಸಮ್ಮನ ಹತ್ತಿರ ಸೂಜಿ ಮಾಡಿಸಿಕೊಳ್ಳುವಂತೆ ಹೇಳಿದೆ. ಅಲ್ಲಿಂದ ಬೇಗ ಹೊಸದುರ್ಗಕ್ಕೆ ಬನ್ನಿ ಎಂದು ಬೀಳ್ಕೊಟ್ಟೆ. ಅವರು ನಡೆದು ಹೊರಟರು, ನಾನು ಬಸ್ಸು ಹತ್ತಿದೆ.

ಹೊಸದುರ್ಗದ ಬಸ್ಸು ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದವರಿಗೆಲ್ಲ ನಿಂತಿತು. ನನ್ನ ಮಗ್ಗುಲಲ್ಲಿ ಒಬ್ಬ ಅಜ್ಜಿ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. "ಏನೂ ಮಾಡಲ್ಲ, ಕುಂತ್ಕಳ್ರಿ" ಎಂದು ನನಗೆ ಧೈರ್ಯ ಹೇಳಿದಳು. ಕೋಳಿ ಅವಳ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹೊಸದುರ್ಗ ತಲುಪುವ ಹೊತ್ತಿಗೆ ನನ್ನ ಸೀರೆಯ ಅಂಚು ಕೆದರಿ ಹೋಗಿತ್ತು. ಊರು ಮಾತ್ರ ಕಣ್ಣಿಗೆ ತಂಪು, ಎತ್ತ ನೋಡಿದರೂ ತೆಂಗಿನ ತಲೆಗಳು. ಖಾನಾವಳಿಯಲ್ಲಿ ಮುದ್ದೆ, ಹುರುಳಿ ಸಾರು ಬಡಿಸಿ, "ಇನ್ನೊಂದು ಹಾಕ್ತೀನಿ" ಎಂದರೆ ಅದು ಪ್ರಶ್ನೆಯಲ್ಲ, ತೀರ್ಮಾನ.

ನಾನು ಬಂದು ಹತ್ತು ದಿನವಾದರೂ ಚಿಕ್ಕಣ್ಣನ ಸುಳಿವಿಲ್ಲ. ಅವನ ಅಣ್ಣನ ಕಥೆ ತಲೆಯಲ್ಲಿ ತಿರುಗತೊಡಗಿತು. ಭಾನುವಾರ ಸೂಜಿಯ ಡಬ್ಬಿ ಹಿಡಿದು ಮತ್ತೋಡಿನ ಬಸ್ಸು ಹತ್ತಿದೆ. ನರ್ಸಮ್ಮ ಮನೆಯಲ್ಲೇ ಇದ್ದರು. ಐದು ದಿನ ಬಂದವನು ಆಮೇಲೆ ಬರಲಿಲ್ಲವೆಂದರು. ಕೇಳಿಕೊಂಡು ನಡೆದಾಗ ಮೂರು ಮೈಲಿಯಾಚೆ ಒಂದು ಬೋಳು ಹೊಲದ ಬದುವಿನಲ್ಲಿ ಅವರ ಬಿಡಾರ ಸಿಕ್ಕಿತು.

"ಮಾತ್ರೆ ಎಲ್ಲಿ?" ಎಂದು ಕೇಳಿದೆ.

"ಮುಗುದ್ವು" ಎಂದಳು ಈರಮ್ಮ.

"ತಿಂಗಳ ಮಾತ್ರೆ ಹದಿನೈದು ದಿನಕ್ಕೆ ಹೇಗೆ ಮುಗೀತು?"

"ಎಲ್ಲಾರಿಗೂ ಕೊಟ್ವಿ. ಅತ್ತೆಗೆ, ಮೈದುನಂಗೆ, ಹುಡುಗ್ರಿಗೆ. ಮಂದೆಗೆ ಕೆಮ್ಮು ಬಿದ್ರೆ ಕೆಮ್ಮೋ ಒಂದಕ್ಕೇ ಔಷಧ ಹಾಕಿ ಸುಮ್ಕಿರ್ತೀವೇನ್ರಿ? ಎಲ್ಲಕ್ಕೂ ಹಾಕ್ತೀವಿ. ನಾಯಿಗೂ ಒಂದು ಹಾಕಿದ್ವಿ."

ನನಗೆ ಎಲ್ಲಿಲ್ಲದ ಕೋಪ ಬಂತು. ಬೈದೆ. ನಾಯಿಯನ್ನೂ ಸೇರಿಸಿ ಬೈದೆ. ಅವಳು ಒಂದು ಚೊಂಬು ಮಜ್ಜಿಗೆ ತಂದು ಮುಂದಿಟ್ಟಳು. ಕುಡಿಯುತ್ತ ಯೋಚಿಸಿದೆ. ಮಾತ್ರೆ ಹಂಚಿದ್ದು ತಪ್ಪೇ ತಪ್ಪು. ಆದರೆ ಕ್ಷಯವಿದ್ದವನ ಪಕ್ಕದಲ್ಲಿ ಮಲಗುವವರನ್ನೆಲ್ಲ ನೋಡಬೇಕೆಂಬುದನ್ನು ಕಾಲೇಜಿನಲ್ಲೂ ಹೇಳಿಕೊಟ್ಟಿದ್ದರು. ಸರಿ, ಜಾಲಿ ಮರದ ಕೆಳಗೆ ಬಿಡಾರದವರನ್ನೆಲ್ಲ ಸಾಲಾಗಿ ಕೂರಿಸಿ ಎದೆಗೆ ಸ್ಟೆತೊಸ್ಕೋಪ್ ಇಟ್ಟೆ. ಅತ್ತೆಗೆ ಕಚಗುಳಿಯಾಗಿ ನಗು ತಡೆಯಲಾಗಲಿಲ್ಲ. ಯಾರ ಎದೆಯಲ್ಲೂ ದೋಷ ಕಾಣಲಿಲ್ಲ, ಮೈದುನನಿಗೆ ಕಜ್ಜಿ ಮಾತ್ರ ಸಿಕ್ಕಿತು. ಹೊಸದಾಗಿ ಕೊಡುವ ಒಂದು ಮಾತ್ರೆಯೂ ಚಿಕ್ಕಣ್ಣನ ಬಾಯಿಗಲ್ಲದೆ ಬೇರೆಲ್ಲಿಗೂ ಹೋಗಕೂಡದೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡೆ.

"ಸೂಜಿಗೆ ಯಾಕೆ ಬರಲಿಲ್ಲ?" ಎಂದೆ ಕೊನೆಗೆ.

ಚಿಕ್ಕಣ್ಣ ಮೊದಲ ಬಾರಿ ಬಾಯಿ ಬಿಟ್ಟ. "ಕರಿಯೋರು ಬೇಕಲ್ರಿ ಅಮ್ಮಾರೆ. ಹೊಲದೋರು ಕರೆದ ಕಡೆ ಮಂದೆ ನಿಲ್ಸಾದು ನಾವು. ಹೊಸದುರ್ಗದ ಮಗ್ಗುಲಾಗೆ ಯಾರೂ ಕರೀಲಿಲ್ಲ. ಕರೀದೆ ಯಾರ ಹೊಲಕ್ಕೆ ಹೋಗಾಣ?"

ಆಗ ನನಗೆ ತಿಳಿಯಿತು. ಗೊಬ್ಬರಕ್ಕಾಗಿ ರೈತರು ರಾತ್ರಿ ತಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಂಡು ಪ್ರತಿಯಾಗಿ ಕಾಳು ಕೊಡುತ್ತಾರೆ. ಇವರು ಎಲ್ಲಿ ಮಲಗಬೇಕೆಂಬುದನ್ನು ತೀರ್ಮಾನಿಸುವುದು ಹೊಲ. ಹಾಗಾದರೆ ಚಿಕ್ಕಣ್ಣನಿಗೆ ಬೇಕಾದದ್ದು ಆಸ್ಪತ್ರೆಯ ಹತ್ತಿರ ಒಂದು ಹೊಲ. ಅದನ್ನು ಬರೆದುಕೊಡುವ ಔಷಧಿ ಚೀಟಿ ನನ್ನ ಹತ್ತಿರವಿರಲಿಲ್ಲ.

ಮರುದಿನ ಬೆನ್ನ ಮೇಲಿನ ಕುರುವಿಗೆ ಕಟ್ಟು ಬದಲಿಸಿಕೊಳ್ಳಲು ತಿಪ್ಪೇಸ್ವಾಮಿ ಎಂಬ ರೈತರು ಬಂದರು. ಊರ ಅಂಚಿನಲ್ಲೇ ತೋಟ, ಹೊಲ ಇದ್ದವರು. ಕಟ್ಟು ಸುತ್ತುತ್ತ ಸುಮ್ಮನೆ ಕೇಳಿದೆ, "ಹೊಲಕ್ಕೆ ಗೊಬ್ಬರ ಹಾಕಿಸಿದ್ರಾ?"

"ಎಲ್ಲಿ ಐತ್ರಿ ಗೊಬ್ಬರ?"

"ಇನ್ನೂರು ಕುರಿಯ ಮಂದೆ ಐತೆ. ಬೇಕೇನು?"

ಕುರುವಿನ ನೋವಿದ್ದರೂ ಅವರು ಗಿರಕ್ಕನೆ ತಿರುಗಿದರು. "ಡಾಕ್ಟ್ರಮ್ಮ, ನೀವು ಕುರಿ ಯಾವಾಗ ಸಾಕಿದ್ರಿ?"

ಎರಡು ದಿನದಲ್ಲಿ ಮಂದೆ ಅವರ ಹೊಲಕ್ಕೆ ಬಂತು, ಆಸ್ಪತ್ರೆಗೆ ಅರ್ಧ ಮೈಲಿ. ಚೌಕಾಸಿ ನೋಡಬೇಕಿತ್ತು. ರಾಗಿ ಎಷ್ಟು ಎಂಬ ಮಾತಿಗೆ ಈರಮ್ಮ ಮೂರು ಸಲ ಎದ್ದು ಹೊರಟಳು, ತಿಪ್ಪೇಸ್ವಾಮಿ ಮೂರು ಸಲ ಕರೆದು ಕೂರಿಸಿದರು. ಬಿಟ್ಟುಹೋದ ಸೂಜಿಗಳನ್ನು ಕೊನೆಗೆ ಸೇರಿಸಿ ಮತ್ತೆ ಶುರು ಮಾಡಿದೆ. ಸುದ್ದಿ ಊರೆಲ್ಲ ಹರಡಿತು. ಒಂದು ಬೆಳಿಗ್ಗೆ ಸಾಲಿನಲ್ಲಿ ಗಟ್ಟಿಮುಟ್ಟಾದ ಒಬ್ಬರು ಕುಳಿತಿದ್ದರು. ಏನು ಕಾಯಿಲೆ ಎಂದೆ. "ಕಾಯಿಲೆ ಏನಿಲ್ರಿ. ಎರಡೆಕರೆ ಐತೆ" ಎಂದರು.

ಹೀಗೆ ಜ್ವರ, ನೆಗಡಿಗಳ ನಡುವೆ ಹೊಲಗಳ ಸರದಿಯನ್ನೂ ಗೊತ್ತುಮಾಡಿದೆ. ಗದ್ದಲವೆಂದರೆ ಗದ್ದಲ, ಆದರೆ ಇಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಹಳೇ ಡಾಕ್ಟರು ಯಾವಾಗ ಬರುತ್ತಾರೆಂದು ಯಾರೂ ಕೇಳಲಿಲ್ಲ. ಹೊರಡುವ ದಿನ ತಿಪ್ಪೇಸ್ವಾಮಿ ಟ್ರಂಕನ್ನು ತಾವೇ ಬಸ್ಸಿನ ಮೇಲಕ್ಕೆ ಏರಿಸಿದರು. ಹೊಳಲ್ಕೆರೆಗೆ ಹತ್ತಿರದ ರಾಮಗಿರಿಯಲ್ಲಿರುವ ನನ್ನ ಬೀಗರಿಗೆ ಹೇಳಿಕಳಿಸಿದ್ದೇನೆ, ಮಂದೆ ನೇರ ಅಲ್ಲಿಗೇ ಹೋಗಲಿ ಎಂದರು.

ಹೊಳಲ್ಕೆರೆಗೆ ಬರುವ ಹೊತ್ತಿಗೆ ಬೇಸಿಗೆ ಬಲಿತಿತ್ತು. ಮಂದೆ ನಿಂತಿದ್ದ ರಾಮಗಿರಿಯಿಂದ ಅಲ್ಲಿಗೆ ರೈಲುಂಟು. ಚಿಕ್ಕಣ್ಣ ಹುಟ್ಟಿದಾರಭ್ಯ ರೈಲು ಹತ್ತಿದವನಲ್ಲ. ಮೊದಲ ದಿನ ಆಸನದ ಮೇಲೆ ಕೂರದೆ, ಕೋಲು ಹಿಡಿದು ಬಾಗಿಲ ಬಳಿ ನೆಲದಲ್ಲೇ ಕುಳಿತು ಬಂದನಂತೆ. ವಾರ ಕಳೆಯುವಷ್ಟರಲ್ಲಿ ಕಿಟಕಿಯ ಜಾಗಕ್ಕೆ ಜಗಳ ಮಾಡುವಷ್ಟು ಪಳಗಿದ. ಮುಖ ತುಂಬಿಕೊಂಡಿತ್ತು, ಕೆಮ್ಮು ಇಳಿದಿತ್ತು. ಈರಮ್ಮನದು ಮಾತ್ರ ಬಂದಾಗಲೆಲ್ಲ ಅದೇ ಮಾತು: "ಉಳೀತಾರೇನ್ರಿ?" ಸೂಜಿಯೆಲ್ಲ ಮುಗಿದು, ಕಫದಲ್ಲಿ ರೋಗಾಣು ಇಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಹೇಳುತ್ತೇನೆ ಎಂದು ನಾನು ಪಟ್ಟು ಹಿಡಿದಿದ್ದೆ. ಸುಳ್ಳು ಧೈರ್ಯ ಹೇಳಲು ಮನಸ್ಸಾಗಲಿಲ್ಲ.

ಹೊಳಲ್ಕೆರೆಯ ಡಾಕ್ಟರು ರಜೆಯನ್ನು ಮೂರು ವಾರ ಮುಂದುವರಿಸಿದ್ದರಿಂದ ನನ್ನ ಅವಧಿಯೂ ಅಷ್ಟು ಬೆಳೆದಿತ್ತು. ಅದು ಮುಗಿಯುವ ಹಿಂದಿನ ದಿನ ಅವನ ಕೊನೆಯ ಸೂಜಿ. ಪರೀಕ್ಷೆಗೆ ಕಫ ಕೊಟ್ಟು, ಮುಂದಿನ ಮಾತ್ರೆಗಳ ಗಂಟು ಹಿಡಿದು ಅವನು ಸಂಜೆಯ ರೈಲಿಗೆ ಹೋದ. ಅವರ ಮಂದೆ ರಾತ್ರಿಯೇ ರಾಮಗಿರಿಯಿಂದ ಎದ್ದು ಚಿಕ್ಕಜಾಜೂರಿನ ಕಡೆ ಹೊರಡುವುದಿತ್ತು. ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಗಾಜನ್ನು ಅತ್ತ ಇತ್ತ ಸರಿಸಿ ಸರಿಸಿ ನೋಡಿದೆ. ಏನೂ ಇರಲಿಲ್ಲ. ಮತ್ತೊಮ್ಮೆ ನೋಡಿದೆ, ಆಗಲೂ ಏನೂ ಇರಲಿಲ್ಲ. ಇದನ್ನು ಈಗ ಹೇಳುವುದು ಯಾರಿಗೆ? ಮಂದೆ ದಾರಿಯಲ್ಲಿತ್ತು, ನಾನು ಚಿತ್ರದುರ್ಗಕ್ಕೆ ಹಿಂದಿರುಗಬೇಕಿತ್ತು. ರಜೆ ಮುಗಿಸಿ ಬಂದ ಡಾಕ್ಟರಿಗೆ ಎಲ್ಲವನ್ನೂ ಒಪ್ಪಿಸಿ, ಭಾರವಾದ ಮನಸ್ಸಿನಿಂದ ಚಿಕ್ಕಜಾಜೂರಿನ ರೈಲು ಹತ್ತಿದೆ. ಚಿತ್ರದುರ್ಗಕ್ಕೆ ಅಲ್ಲಿ ಗಾಡಿ ಬದಲಿಸಬೇಕಿತ್ತು.

ಚಿಕ್ಕಜಾಜೂರು ಇನ್ನೇನು ಬಂತು ಎನ್ನುವಾಗ ಸಿಗ್ನಲ್ಲಿನ ಕೈಮರ ಬೀಳದೆ ರೈಲು ನಿಂತಿತು. ಕಿಟಕಿಯಲ್ಲಿ ನೋಡಿದರೆ ಹಳಿಯ ಪಕ್ಕದ ಬಯಲಿನಲ್ಲಿ ಧೂಳೆಬ್ಬಿಸುತ್ತ ಮಂದೆ. ಉಳಿದವರು ಬಿಡಾರ ಹೊತ್ತು ಮೊದಲೇ ಹೋಗಿದ್ದರೇನೋ, ಮಂದೆಯ ಮುಂದೆ ಚಿಕ್ಕಣ್ಣ, ಹಿಂದೆ ಈರಮ್ಮ, ಇಬ್ಬರೇ. ನಾನು ಬಾಗಿಲಿಗೆ ಓಡಿ, ಇದ್ದಬದ್ದ ದನಿಯಿಂದ ಕೂಗಿದೆ, "ಈರಮ್ಮಾ, ಕಫದಾಗೆ ಏನೂ ಇಲ್ಲ. ಉಳೀತಾರೆ. ಮಾತ್ರೆ ಒಂದೂ ಬಿಡಬ್ಯಾಡ್ರಿ."

ಡಬ್ಬಿಯವರೆಲ್ಲ ಕಿಟಕಿಗೆ ಮುಖವಿಟ್ಟರು. ಈರಮ್ಮ ನಿಂತಲ್ಲೇ ಕಿವಿಗೆ ಕೈ ಹಿಡಿದಳು. ಮತ್ತೆ ಕೂಗಿದೆ. ಈ ಬಾರಿ ಕೇಳಿಸಿತು. ಮೂರು ತಿಂಗಳು ನನ್ನೊಂದಿಗೆ, ರೈತರೊಂದಿಗೆ, ನರ್ಸಮ್ಮನೊಂದಿಗೆ ಚೌಕಾಸಿ ಮಾಡುತ್ತ ನೆಟ್ಟಗೆ ನಿಂತಿದ್ದ ಹೆಂಗಸು ಹಾಗೆಯೇ ನೆಲಕ್ಕೆ ಕುಸಿದು ಕುಳಿತು, ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಚಿಕ್ಕಣ್ಣ ಮಂದೆ ಬಿಟ್ಟು ಅವಳ ಹತ್ತಿರ ಓಡಿ ಬಂದ. ಏನು ಮಾಡಬೇಕೋ ತಿಳಿಯದೆ ತನ್ನ ಕಂಬಳಿಯನ್ನು ಆ ಸುಡುಬಿಸಿಲಿನಲ್ಲಿ ಅವಳಿಗೆ ಹೊದಿಸಿದ. ನನಗೂ ಅಳು ತಡೆಯಲಾಗಲಿಲ್ಲ. ನಾಚಿಕೆಯೂ ಆಗಲಿಲ್ಲ.

"ನಿಮ್ಮ ಕಡೆಯೋರೇನಮ್ಮ?" ಎಂದು ಪಕ್ಕದಲ್ಲಿದ್ದ ಮುದುಕರು ಕೇಳಿದರು.

ಉತ್ತರ ಕೊಡುವಷ್ಟರಲ್ಲಿ ರೈಲು ಜಗ್ಗಿ ಹೊರಟಿತು. ನಾನು ಬಾಗಿಲ ಕಂಬಿ ಹಿಡಿದು ಹಿಂದಕ್ಕೆ ಬಾಗಿ ನೋಡಿದೆ. ಕಾಯುವವರಿಲ್ಲದ ಮಂದೆ ಅಷ್ಟರಲ್ಲೇ ಯಾರದೋ ತರಕಾರಿ ತೋಟಕ್ಕೆ ನುಗ್ಗಿತ್ತು. ಈರಮ್ಮ ಕಂಬಳಿಯನ್ನು ಗಂಡನ ಮೇಲೆಸೆದು ಎದ್ದಳು. ಮುಖ ಒರೆಸಿಕೊಂಡು, ಅವನನ್ನೂ ಕುರಿಗಳನ್ನೂ ಒಟ್ಟಿಗೇ ಬಯ್ಯುತ್ತ ತೋಟದ ಕಡೆ ಓಡಿದಳು. ಅವನೂ ಅವಳ ಹಿಂದೆಯೇ ಓಡಿದ, ನಡುವೆ ಎಲ್ಲೂ ಕೆಮ್ಮಲು ನಿಲ್ಲದೆ.